ಬೆಲ್‌ಫಾಸ್ಟ್ ಸೆಲ್ಟಿಕ್ ಮುಚ್ಚಿದ ಬಗ್ಗೆ ಹಿರಿಯರನ್ನು ಏನು ಕೇಳಬೇಕು?

ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನಲ್ಲಿ ಓದುತ್ತಿದ್ದೇನೆ, ಇಲ್ಲಿನ ಹಳೇ ಫುಟ್‌ಬಾಲ್ ಕ್ಲಬ್ ಬೆಲ್‌ಫಾಸ್ಟ್ ಸೆಲ್ಟಿಕ್‌ನ ಪಂದ್ಯದಲ್ಲಿ ಆದ 1948ರ ಗಲಭೆ ನೋಡಿದ ಹಿರಿಯರೊಬ್ಬರು ಸಿಕ್ಕಿದ್ದಾರೆ, ಪರೀಕ್ಷೆ ಮುಗಿದ ಮೇಲೆ ಅವರನ್ನು ಮಾತಾಡಿಸಿ ಕ್ಲಬ್ ಮುಚ್ಚಿದ ಕಥೆ ಬರೆಯಬೇಕು, ಗಲಭೆ ಬಗ್ಗೆ ಯಾವ ಪ್ರಶ್ನೆ ಕೇಳಲಿ ಅಂದಿದ್ದೀರಿ. ಗಲಭೆ ಬಗ್ಗೆ ಏನೂ ಕೇಳಬೇಡಿ. ನಾನು ಕೇಳಿ ಕೆಟ್ಟಿದ್ದೇನೆ.

2018ರಲ್ಲಿ ನಾನೂ ಬೆಲ್‌ಫಾಸ್ಟ್‌ನಲ್ಲಿ ಓದುತ್ತಿದ್ದೆ. ಡೊನೆಗಲ್ ರಸ್ತೆಯ ಪಾರ್ಕ್ ಸೆಂಟರ್‌ಗೆ ಸಾಮಾನು ತರಲು ಹೋದಾಗ ಅಲ್ಲೊಂದು ಪುಟ್ಟ ಮ್ಯೂಸಿಯಂ ಕಣ್ಣಿಗೆ ಬಿತ್ತು. ನಾನು ವಾರವಾರ ಈರುಳ್ಳಿ ಕೊಳ್ಳುತ್ತಿದ್ದ ಜಾಗವೇ ಹಿಂದೆ ಸೆಲ್ಟಿಕ್ ಪಾರ್ಕ್ ಮೈದಾನ! ಜನ ಅದನ್ನು 'ಪ್ಯಾರಡೈಸ್' ಅಂತ ಕರೆಯುತ್ತಿದ್ದರು. 1891ರಲ್ಲಿ ಹುಟ್ಟಿದ, ಹೆಚ್ಚಾಗಿ ಕ್ಯಾಥೊಲಿಕ್ ಅಭಿಮಾನಿಗಳಿದ್ದ ಕ್ಲಬ್, 14 ಸಲ ಲೀಗ್ ಗೆದ್ದಿತ್ತು. ಅಂಥದ್ದು 1949ರಲ್ಲಿ ತಾನಾಗಿ ಆಟ ಬಿಟ್ಟಿತು ಅಂದರೆ ನಂಬೋದು ಕಷ್ಟ ಅಲ್ವಾ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಬೀದಿಯಲ್ಲೇ ಎಂಬತ್ತರ ಅಜ್ಜ ಒಬ್ಬರಿದ್ದರು. ಹತ್ತು ವರ್ಷದ ಹುಡುಗನಾಗಿ ಆ ತಂಡದ ಆಟ ನೋಡಿದವರು. ಪರಿಚಯವಾಯಿತು, ಟೀಗೆ ಕರೆದರು. ನಾನು ಹೋಗಿ ಕೂತವನೇ ಫೋನಿನಲ್ಲಿ ರೆಕಾರ್ಡರ್ ಹಾಕಿ ಟೇಬಲ್ ಮೇಲಿಟ್ಟೆ. ಮೊದಲ ಪ್ರಶ್ನೆಯೇ "ವಿಂಡ್ಸರ್ ಪಾರ್ಕ್ ಗಲಭೆ ದಿನ ನೀವು ಅಲ್ಲಿದ್ದಿರಾ? ಜಿಮ್ಮಿ ಜೋನ್ಸ್‌ಗೆ ಹೊಡೆದಿದ್ದು ಅವರು ಪ್ರಾಟೆಸ್ಟೆಂಟ್ ಆಗಿಯೂ ಸೆಲ್ಟಿಕ್‌ಗೆ ಆಡುತ್ತಿದ್ದರು ಅಂತಲೇ?"

ಅಜ್ಜ ಫೋನನ್ನೇ ನೋಡಿದರು. ಕಪ್ಪನ್ನು ಸಾಸರ್ ಮೇಲೆ ಮೆಲ್ಲಗೆ ತಿರುಗಿಸಿದರು. "ಅವತ್ತು ಸೋಮವಾರ" ಅಂದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡರು.

ಆ ಪ್ರಶ್ನೆಯನ್ನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಆ ದಿನ ಏನಾಯಿತು ಅನ್ನೋದು ನನಗೆ ಗೊತ್ತಿತ್ತು. 1948ರ ಡಿಸೆಂಬರ್ 27, ವಿಂಡ್ಸರ್ ಪಾರ್ಕ್ ಮೈದಾನದಲ್ಲಿ, ಹೆಚ್ಚಾಗಿ ಪ್ರಾಟೆಸ್ಟೆಂಟ್ ಅಭಿಮಾನಿಗಳಿದ್ದ ಲಿನ್‌ಫೀಲ್ಡ್ ಜೊತೆ ಆಟ, 1-1. ಕೊನೆಗೆ ಜನ ಮೈದಾನಕ್ಕೆ ನುಗ್ಗಿ, 20 ವರ್ಷದ ಜೋನ್ಸ್ ಕಾಲು ಮುರಿದರು. ಇದೆಲ್ಲ ಹಳೇ ಪತ್ರಿಕೆಯಲ್ಲೇ ಸಿಗುತ್ತದೆ. ಪತ್ರಿಕೆಯಲ್ಲಿ ಸಿಗೋದನ್ನು ಕೇಳಲು ಆ ಮನುಷ್ಯನ ಮುಂದೆ ಕೂತಿದ್ದೆ. ಅದಕ್ಕಿಂತ ದೊಡ್ಡ ತಪ್ಪು, ಮನೆಯಿಂದ ಹೊರಡುವಾಗಲೇ ಕಥೆ ಮುಗಿಸಿಕೊಂಡು ಹೋಗಿದ್ದೆ. ಅವರಿಂದ ಬೇಕಿದ್ದದ್ದು ಒಂದು 'ಹೌದು'. ಅದೂ ಧರ್ಮದ ಹೆಸರಿನಲ್ಲಿ ಅಷ್ಟೊಂದು ಜನ ಸತ್ತ ಊರಿನಲ್ಲಿ, ಮೊದಲ ಭೇಟಿಯಲ್ಲೇ, ಧರ್ಮ ಎತ್ತಿ ಕೇಳಿದೆ. ಆ ಊರಲ್ಲಿ ಬದುಕಿದ ಯಾರೇ ಆದರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆಮೇಲೆ ಅವರ ಮಗಳು ಹೇಳಿದರು. ಅಪ್ಪ ನನಗೆ ಆಟ ಇರುತ್ತಿದ್ದ ಶನಿವಾರಗಳ ಬಗ್ಗೆ ಹೇಳಬೇಕು ಅಂತ ಕಾದಿದ್ದರಂತೆ. ಅಜ್ಜನ ತಂದೆ ಅವರನ್ನು ಎತ್ತಿ ಗೇಟಿನ ಆಚೆ ಇಳಿಸುತ್ತಿದ್ದರು, ಟಿಕೆಟ್ ಇಲ್ಲದೆ. ಕೋಟಿನ ಜೇಬಲ್ಲಿ ಸುತ್ತಿಟ್ಟ ಬ್ರೆಡ್ ಇರುತ್ತಿತ್ತು. ನನಗೆ ದಕ್ಕಿದ್ದು ಇಷ್ಟೇ, ಅದೂ ಮಗಳ ಬಾಯಲ್ಲಿ.

ಇನ್ನೊಂದು ಮಾತು. 'ಗಲಭೆಯಿಂದ ಮುಚ್ಚಿದ ಕ್ಲಬ್' ಅಂತ ಬರೆದಿದ್ದೀರಿ, ನಾನು ಒಪ್ಪಲ್ಲ. 1920ರಲ್ಲಿ ಕಪ್ ಸೆಮಿಫೈನಲ್ ದಿನ ಜನರ ನಡುವೆ ಗುಂಡು ಹಾರಿತ್ತು. ಆಗಲೂ ಸೆಲ್ಟಿಕ್ ಲೀಗ್ ಬಿಟ್ಟು, 1924ರಲ್ಲಿ ವಾಪಸ್ ಬಂತು. ಬಂದ ಮೇಲೆ ಸತತ ನಾಲ್ಕು ಸಲ ಲೀಗ್ ಗೆದ್ದಿತು. ಗಲಭೆಗೆ ಸಾಯುವ ಕ್ಲಬ್ ಆಗಿದ್ದರೆ ಆಗಲೇ ಸಾಯಬೇಕಿತ್ತು. 1949ರಲ್ಲಿ ಲೀಗ್ ಬಿಡಿಸಿದ್ದು ನಿರ್ದೇಶಕರು, ಪೂರ್ತಿ ಕಾರಣವನ್ನು ಅಭಿಮಾನಿಗಳ ಮುಂದೆ ಇಡದೆ. ಲೀಗ್ ಬಿಟ್ಟ ಮೇಲೂ ತಂಡ ಅಮೆರಿಕಕ್ಕೆ ಹೋಗಿ ಮೇ 29ರಂದು ನ್ಯೂಯಾರ್ಕ್‌ನಲ್ಲಿ ಸ್ಕಾಟ್ಲೆಂಡ್ ದೇಶದ ತಂಡವನ್ನೇ 2-0ಯಿಂದ ಸೋಲಿಸಿತು. ಇಷ್ಟು ಜೀವ ಇದ್ದ ತಂಡವನ್ನು ಕಳೆದುಕೊಂಡವರ ನೋವು ಗಲಭೆಯದ್ದಲ್ಲ. ಶನಿವಾರ ಮಧ್ಯಾಹ್ನ ಸುಮ್ನೆ ಖಾಲಿಯಾದ ನೋವು.

ಪಂದ್ಯದ ವಿವರ ಬೇಕಾದರೆ ಬೆಲ್‌ಫಾಸ್ಟ್ ಸೆಂಟ್ರಲ್ ಲೈಬ್ರರಿಯ ಪತ್ರಿಕಾ ವಿಭಾಗಕ್ಕೆ ಹೋಗಿ. ಹಿರಿಯರ ಹತ್ತಿರ ಫೋನ್ ಜೇಬಲ್ಲೇ ಇರಲಿ. ಮೊದಲ ಸಲ ಪ್ಯಾರಡೈಸ್‌ಗೆ ಯಾರು ಕರೆದುಕೊಂಡು ಹೋಗಿದ್ದರು ಅಂತ ಕೇಳಿ, ಸುಮ್ಮನಿರಿ. ಸೋಮವಾರದ ಮಾತು ಬಂದರೆ ಬರಲಿ. ಅವರಿಗೂ ವಯಸ್ಸಾಗಿದೆ, ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಈ ವಾರವೇ ಹೋಗಿ.