ಗೆದ್ದರೂ ದಕ್ಷಿಣ ಕೊರಿಯಾದ ಕೂಕ್ಮಿನ್ ಬ್ಯಾಂಕ್ ಫುಟ್‌ಬಾಲ್ ತಂಡ ಮೇಲಿನ ಲೀಗ್‌ಗೆ ಯಾಕೆ ಹೋಗಲಿಲ್ಲ?

ತಂಡ ನಡೆಸುತ್ತಿದ್ದದ್ದು ಒಂದು ಬ್ಯಾಂಕ್, ಕಾರಣ ಅಲ್ಲೇ ಇದೆ. ಗೋಯಾಂಗ್ ಊರಿನ ಈ ಅರೆ-ವೃತ್ತಿಪರ ತಂಡ 2003, 2004 ಮತ್ತು 2006ರಲ್ಲಿ ಆಗ ಎರಡನೇ ಹಂತದ್ದಾಗಿದ್ದ ನ್ಯಾಷನಲ್ ಲೀಗ್ ಗೆದ್ದಿತು. 2006ರಲ್ಲಿ ಗೆದ್ದವರಿಗೆ ದೇಶದ ಮೊದಲ ಹಂತದ ವೃತ್ತಿಪರ ಲೀಗ್ ಆದ ಕೆ ಲೀಗ್‌ಗೆ ಬಡ್ತಿ ಇತ್ತು. ಆದರೆ ಬ್ಯಾಂಕ್ ಬೇಡ ಎಂದಿತು. ವೃತ್ತಿಪರ ಕ್ಲಬ್ ಎಂದರೆ ಲಾಭಕ್ಕಾಗಿ ನಡೆಸುವ ವ್ಯವಹಾರ, ಅದಕ್ಕೆ ಬ್ಯಾಂಕಿಂಗ್ ಕಾನೂನು ಅಡ್ಡ ಬರುತ್ತದೆ ಎನ್ನುವುದು ಅವರ ವಾದ.

ನನಗೆ ಬೇಸರವಾಗುವುದು ಆಟಗಾರರನ್ನು ನೆನೆದು. ಮೈದಾನದಲ್ಲಿ ಬೆವರು ಸುರಿಸಿ ಗೆದ್ದದ್ದು ಕಚೇರಿಯಲ್ಲಿ ಕೈತಪ್ಪಿತು, ಅಲ್ವಾ? ಮುಂದಿನ ವರ್ಷ ಗೆದ್ದ ಉಲ್ಸಾನ್ ಹ್ಯುಂಡೈ ಮಿಪೊ ತಂಡವೂ ಬಡ್ತಿ ಬೇಡ ಎಂದಿತು.

ಹಾಗಂತ ಈ ಬ್ಯಾಂಕ್ ಮೇಲಿನ ಲೀಗ್ ಆಡೇ ಇಲ್ಲ ಅಂತಲ್ಲ. 1983ರಲ್ಲಿ ಲೀಗ್ ಶುರುವಾದಾಗ ಇದ್ದ ಐದು ತಂಡಗಳಲ್ಲಿ ಇದೂ ಒಂದು. ಎರಡೇ ವರ್ಷ ಆಡಿ ಹೊರಬಂತು. 2012ರಲ್ಲಿ ತಂಡವನ್ನೇ ಮುಚ್ಚಿದರು. ಕೆಲವು ಆಟಗಾರರು ಹೊಸದಾಗಿ ಹುಟ್ಟಿದ ಎಫ್‌ಸಿ ಆನ್ಯಾಂಗ್ ಸೇರಿದರು.