ಕೀಮೋ ನಡೆಯುತ್ತಿರುವ ಮಗುವಿಗೆ ಭೇದಿ ಶುರುವಾದರೆ

ಹೋದ ತಿಂಗಳು ಮಳೆಗಾಲದ ಹೊಟ್ಟೆ ತೊಂದರೆಗಳ ಬಗ್ಗೆ ಬರೆದದ್ದೇ ತಡ, ಕಾಸರಗೋಡು ಕಡೆಯಿಂದ ಕಾಗದ, ವಾಟ್ಸಾಪ್ ಎಲ್ಲ ಒಟ್ಟೊಟ್ಟಿಗೆ ಬಂದವು. ಅದರಲ್ಲಿ ನಾಲ್ಕೈದು ಒಂದೇ ವಿಷಯದ್ದು. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಇದೆ, ಅದಕ್ಕೆ ಭೇದಿ, ಏನು ಮಾಡುವುದು ಅಂತ. ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ. ತಲೆಹೊಟ್ಟಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ಕಾಯಿರಿ, ತಲೆಹೊಟ್ಟು ಎಲ್ಲೂ ಓಡಿಹೋಗುವುದಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 6 ವರ್ಷ. ಬ್ಲಡ್ ಕ್ಯಾನ್ಸರ್‌ಗೆ ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಕೀಮೋ ಮುಗಿಸಿ ಮನೆಗೆ ಬಂದ ಎಂಟನೇ ದಿನಕ್ಕೆ ಭೇದಿ ಶುರುವಾಯಿತು. ಅವನ ಅಕ್ಕನಿಗೂ ಆಗಿತ್ತು, ಅವಳು ಎರಡೇ ದಿನದಲ್ಲಿ ಹುಷಾರಾಗಿ ಶಾಲೆಗೆ ಹೋದಳು. ಇವನಿಗೆ 3 ವಾರವಾದರೂ ಪೂರ್ತಿ ನಿಂತಿಲ್ಲ. ಮಲ ಪರೀಕ್ಷೆ ಮಾಡಿ, ವೈರಸ್ಸು, ಇದಕ್ಕೆ ಔಷಧಿ ಇಲ್ಲ ಅಂದರು. ಅಷ್ಟು ದೊಡ್ಡ ರೋಗಕ್ಕೆ ಮದ್ದಿದೆ, ಭೇದಿಗೆ ಇಲ್ವಾ?
– ಓದುಗರು, ಬಾಯಾರು

ಉತ್ತರ: ನಿಮ್ಮ ಕೊನೆಯ ಸಾಲು ಓದಿ ನಕ್ಕೆ, ಆಮೇಲೆ ನಗು ನಿಂತಿತು. ನಿಮ್ಮ ಮಗಳಿಗೂ ಯಾರೂ ಔಷಧಿ ಕೊಟ್ಟಿರಲಿಲ್ಲ ಅಲ್ವಾ? ಅವಳ ಮೈಯೇ ವೈರಸ್ಸನ್ನು ಹೊರಗೆ ಹಾಕಿತು. ತಮ್ಮನ ಮೈಗೆ ಸದ್ಯ ಆ ಶಕ್ತಿ ಇಲ್ಲ, ವ್ಯತ್ಯಾಸ ಇಷ್ಟೇ. ಕೀಮೋ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುತ್ತವೆ ನಿಜ, ಆದರೆ ಕರುಳಿನ ಒಳಪದರವೂ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತಾ ಇರುತ್ತದೆ, ಅದಕ್ಕೂ ಏಟು ಬೀಳುತ್ತದೆ. ಬಿಳಿ ರಕ್ತಕಣಗಳೂ ಇಳಿಯುತ್ತವೆ. ಕಾವಲುಗಾರನೂ ಇಲ್ಲ, ಬೇಲಿಯೂ ಮುರಿದಿದೆ. ನೊರೊವೈರಸ್ ಅನ್ನುವ ಒಂದು ವೈರಸ್ ಇದೆ, ನಮ್ಮ ನಿಮ್ಮಂಥವರನ್ನು ಎರಡು ಮೂರು ದಿನ ವಾಂತಿ ಭೇದಿ ಮಾಡಿಸಿ ಬಿಟ್ಟುಹೋಗುತ್ತದೆ, ಆದರೆ ಇಂಥ ಮಕ್ಕಳ ಕರುಳಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂತುಬಿಡುತ್ತದೆ. ಅದಕ್ಕೆ ನಿಜವಾದ ಮದ್ದು ಮಗುವಿನ ಕೌಂಟ್, ಅಂದರೆ ಆ ಬಿಳಿ ರಕ್ತಕಣಗಳ ಸಂಖ್ಯೆ, ಏರುವುದೇ. ಅಲ್ಲಿಯವರೆಗೆ ನೀರು, ಉಪ್ಪು, ಸಕ್ಕರೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಹಾಗಂತ ಎಲ್ಲ ಭೇದಿಯೂ ವೈರಸ್ಸಿನದ್ದಲ್ಲ. ನೊರೊ, ರೋಟಾ, ಅಡಿನೊ ವೈರಸ್‌ಗಳು ಒಂದು ಗುಂಪು. ಸಾಲ್ಮೊನೆಲ್ಲಾ, ಶಿಗೆಲ್ಲಾ ಥರದ ಬ್ಯಾಕ್ಟೀರಿಯಾ ಇನ್ನೊಂದು, ಇವು ಈ ಮಕ್ಕಳಲ್ಲಿ ಕರುಳಿನಿಂದ ರಕ್ತಕ್ಕೆ ದಾಟಬಹುದು, ಅದಕ್ಕೇ ಡಾಕ್ಟರುಗಳಿಗೆ ಅಷ್ಟು ಗಡಿಬಿಡಿ. ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗಳು ಬೇರೆ. ಎಷ್ಟೋ ಸಲ ಯಾವ ರೋಗಾಣುವೂ ಸಿಗುವುದೇ ಇಲ್ಲ, ಮೆಥೊಟ್ರೆಕ್ಸೇಟ್‌ನಂಥ ಕೀಮೋ ಔಷಧಿಯೇ ಕರುಳನ್ನು ಸುಟ್ಟಿರುತ್ತದೆ. ಆದ್ದರಿಂದ ಮೆಡಿಕಲ್ ಶಾಪಿಗೆ ಹೋಗಿ ಭೇದಿ ನಿಲ್ಲುವ ಮಾತ್ರೆ ತಂದು ಹಾಕಬೇಡಿ. ಕರುಳಿನ ಓಟ ನಿಂತರೆ ಒಳಗಿನ ವಿಷ ಒಳಗೇ ಉಳಿಯುತ್ತದೆ.

ಈಗ ಮುಖ್ಯ ಮಾತು. ಜ್ವರ 100.4 ಡಿಗ್ರಿ ಮುಟ್ಟಿತೋ, ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿ 2 ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಫೋನ್ ಮಾಡುವ ಮೊದಲು ಪ್ಯಾರಸಿಟಮಾಲ್ ಕೊಡಬೇಡಿ, ಅದು ಜ್ವರವನ್ನು ಮುಚ್ಚುತ್ತದೆ, ಸೋಂಕನ್ನಲ್ಲ. ಸ್ಟಿರಾಯ್ಡ್ ನಡೆಯುತ್ತಿರುವ ಮಗುವಿಗೆ ಜ್ವರವೇ ಬಾರದೆ ಇರಬಹುದು, ಸುಮ್ನೆ ಮಂಕಾಗಿ ಮಲಗಿದರೂ ಅದೇ ಲೆಕ್ಕ. ಹೊಟ್ಟೆಯ ಬಲಭಾಗ ಕೆಳಗೆ ಮುಟ್ಟಿದರೆ ನೋವು, ಹೊಟ್ಟೆ ಉಬ್ಬರ, ಇವು ಕೌಂಟ್ ಇಳಿದಾಗ ದೊಡ್ಡ ಕರುಳಿನ ಶುರುವಿನ ಭಾಗ ಬಾತುಕೊಳ್ಳುವ ಟಿಫ್ಲೈಟಿಸ್ ಆಗಿರಬಹುದು. ಅದು ಕಾಯುವ ಕಾಯಿಲೆಯಲ್ಲ. ಮಲದಲ್ಲಿ ರಕ್ತ, 6 ಗಂಟೆ ಮೂತ್ರವಿಲ್ಲ, ಕುಡಿದದ್ದೆಲ್ಲ ವಾಂತಿ, ಆಗಲೂ ಹೊರಡಿ. ಬಾಯಾರಿನಿಂದ ಮಂಗಳೂರಿಗೆ ಮಳೆಯಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಜ್ವರ ಕಂಕುಳಲ್ಲಿ ನೋಡಿ, ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬೇಡಿ.

ಒಆರ್‌ಎಸ್ ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ 1 ಲೀಟರ್ ನೀರಿಗೆ. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಹಾಕುವವರನ್ನು ತುಂಬಾ ನೋಡಿದ್ದೇನೆ, ಅದರಿಂದ ಭೇದಿ ಜಾಸ್ತಿಯೇ ಆಗುತ್ತದೆ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸ್ ಒಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದು ಅಂತ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಬೇಕಾಯಿತು.

ಪ್ರಶ್ನೆ: ಡಾಕ್ಟ್ರೇ, ಆಸ್ಪತ್ರೆಯಲ್ಲಿ ಮಗಳಿಗೆ ಭೇದಿಯಾದಾಗ ನರ್ಸ್ ಇಂಜೆಕ್ಷನ್ನಿನ ಬಾಟಲಿ ತೆಗೆದು, ನೀರು ಸೇರಿಸಿ, ಬಾಯಿಗೆ ಕುಡಿಸಿದರು. ತಪ್ಪಾಯಿತಾ ಅಂತ ನಾನು ಕೂಗಾಡಿದೆ. ನಿಜ ಹೇಳಿ.
– ಓದುಗರು, ಉಪ್ಪಳ

ಉತ್ತರ: ಕೂಗಾಡಿದ್ದಕ್ಕೆ ಆ ಸಿಸ್ಟರ್ ಹತ್ತಿರ ಒಂದು ಮಾತು ಹೇಳಿಬಿಡಿ. ಅದು ಬಹುಶಃ ವ್ಯಾಂಕೊಮೈಸಿನ್ ಎಂಬ ಮದ್ದು. ನಿಮ್ಮ ಮಗಳಿಗೆ ಮೊದಲು ಜ್ವರಕ್ಕೆ ಆಂಟಿಬಯೋಟಿಕ್ ಕೊಟ್ಟಿರುತ್ತಾರೆ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದಿತು, ಖಾಲಿಯಾದ ಮನೆಗೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಇನ್ನೊಂದು ನುಗ್ಗಿತು. ಈ ರೋಗಾಣು ಇರುವುದು ಕರುಳಿನೊಳಗೆ. ವ್ಯಾಂಕೊಮೈಸಿನ್ ರಕ್ತನಾಳಕ್ಕೆ ಕೊಟ್ಟರೆ ಕರುಳಿಗೆ ಸರಿಯಾಗಿ ತಲುಪುವುದಿಲ್ಲ, ಬಾಯಿಗೇ ಹಾಕಬೇಕು. ಒಂದು ತೊಡಕು ಮಾತ್ರ ಇದೆ. ಪುಟ್ಟ ಮಕ್ಕಳ ಮಲದಲ್ಲಿ ಈ ಡಿಫಿಸಿಲ್ ಏನೂ ತೊಂದರೆ ಕೊಡದೆ ಸುಮ್ನೆ ವಾಸವಾಗಿರುವುದೂ ಉಂಟು. ರಿಪೋರ್ಟಿನಲ್ಲಿ ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ಕಳ್ಳ ಅವನೇ ಅಂತಲ್ಲ. ಹಾಗಾಗಿ ಡಾಕ್ಟರು ಒಮ್ಮೊಮ್ಮೆ ಪಾಸಿಟಿವ್ ನೋಡಿಯೂ ಮದ್ದು ಕೊಡದಿರಬಹುದು.

ಇನ್ನೊಂದು, ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದೇವೆ ಅಂತ ಬರೆದಿದ್ದೀರಿ. ಡಿಫಿಸಿಲ್‌ನ ಬೀಜಕಣಗಳು ಅದಕ್ಕೆ ಸಾಯುವುದಿಲ್ಲ, ನೊರೊವೈರಸ್ಸೂ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ, ಉಗುರಿನ ಸಂದು ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು. ಮಗುವನ್ನು ತೊಳೆಸಿದ ಮೇಲಂತೂ ಖಂಡಿತ.

ಪ್ರಶ್ನೆ: ನಮ್ಮದು ಸುರಂಗದ ನೀರು. ನನ್ನ ಅಜ್ಜನ ಕಾಲದಿಂದ ಕುಡಿಯುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಮೊಮ್ಮಗನಿಗೆ ಕೀಮೋ ಶುರುವಾದ ಮೇಲೆ ಸೊಸೆ ಅದನ್ನೂ ಕುದಿಸುತ್ತಾಳೆ. ಬೇಕಾ ಇದೆಲ್ಲ?
– ಓದುಗರು, ಪೆರ್ಲ

ಉತ್ತರ: ಅಜ್ಜನವರೇ, ಸೊಸೆಯ ಮಾತು ಕೇಳಿ. ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಜಿನುಗುವ ನೀರಿನ ರುಚಿ ನಾನೂ ಕುಡಿದು ಬಲ್ಲೆ. ಗುಡ್ಡದೊಳಗೆ ಅದು ಚೊಕ್ಕಟವೇ ಇರಬಹುದು. ಆದರೆ ಅದು ನೇರ ಲೋಟಕ್ಕೆ ಬೀಳುವುದಿಲ್ಲವಲ್ಲ. ನಾನು ನೋಡಿದ ಒಂದು ಮನೆಯಲ್ಲಿ ಸುರಂಗದ ಪೈಪು ದನದ ಹಟ್ಟಿಯ ಪಕ್ಕದ ತೆರೆದ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಯ ಅಂಚಲ್ಲಿ ಎರಡು ಕಪ್ಪೆ. ಭೇದಿಯಿಂದ ಬಾಲ ಅಂಟಿಕೊಂಡಿದ್ದ ಒಂದು ಗಿಡ್ಡ ತಳಿಯ ಕರು ಅದಕ್ಕೇ ಮೂತಿ ಹಾಕಿ ಕುಡಿಯುತ್ತಿತ್ತು. ಕ್ರಿಪ್ಟೊಸ್ಪೊರಿಡಿಯಂ ಅಂದೆನಲ್ಲ, ಎಳೆಗರುಗಳ ಭೇದಿಯಲ್ಲಿ ಅದು ಧಾರಾಳ. ಬ್ಲೀಚಿಂಗ್ ಪೌಡರ್ ಹಾಕಿದರೂ ಅದು ಜಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದೆ. ನೀರು ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಬಿಟ್ಟು ಇಳಿಸಿ, ಮುಚ್ಚಿಡಿ. ಮೊಮ್ಮಗ ಸದ್ಯಕ್ಕೆ ಹಟ್ಟಿಯ ಕಡೆ ಹೋಗುವುದು ಬೇಡ, ಕರು ಎಷ್ಟೇ ಮುದ್ದಾಗಿದ್ದರೂ.

ಹೋಟೆಲುಗಳಲ್ಲಿ ಪದಿಮುಗ ಎಂಬ ಮರದ ಚಕ್ಕೆ ಹಾಕಿದ ಕೆಂಪು ಬಿಸಿನೀರು ಕೊಡುತ್ತಾರಲ್ಲ, ಬಣ್ಣ ಇದ್ದರೆ ಕುದಿಸಿದ್ದು ಅಂತ ನಂಬುತ್ತೇವೆ. ತುಂಬಾ ಬಿಸಿಯಾಯಿತು ಅಂತ ಅದಕ್ಕೆ ನಲ್ಲಿಯ ತಣ್ಣೀರು ಬೆರೆಸಿದರೆ ಕುದಿಸಿದ ಪುಣ್ಯವೆಲ್ಲ ಹೋಯಿತು. ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ಬಾಟಲಿ ತನ್ನಿ.

ಪ್ರಶ್ನೆ: ಕೀಮೋ ನಡೆಯುತ್ತಿರುವ ಮೊಮ್ಮಗುವಿಗೆ ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಒಂದು ಗುಟುಕಾದರೂ ಕೊಡಬಹುದಾ? ಭೇದಿಗೆ ಜಾಯಿಕಾಯಿ ತೇದು ನೆಕ್ಕಿಸಬಹುದಾ? ಗಂಜಿ?
– ಓದುಗರು, ಮಂಜೇಶ್ವರ

ಉತ್ತರ: ಅಜ್ಜೀ, ಕಷಾಯ ಬೇಡ, ಒಂದು ಗುಟುಕೂ ಬೇಡ. ಪಾಲೆ ಮರದ ಮೇಲೆ ನನಗೇನೂ ಕೋಪವಿಲ್ಲ, ನಾನೂ ಕಹಿ ಮುಖ ಮಾಡಿಕೊಂಡು ಕುಡಿದವನೇ. ಕೀಮೋ ಮಾತ್ರೆಗಳು ಲಿವರಿನ ಮೇಲೆ ಮೊದಲೇ ಭಾರ ಹಾಕಿರುತ್ತವೆ. ನಾಳೆ ಲಿವರ್ ಟೆಸ್ಟ್ ಏರುಪೇರಾದರೆ ಮಾತ್ರೆಯದ್ದೋ ತೊಗಟೆಯದ್ದೋ ಅಂತ ಗೊತ್ತಾಗದೆ ಕೀಮೋವನ್ನೇ ನಿಲ್ಲಿಸಬೇಕಾಗಬಹುದು. ಜಾಯಿಕಾಯಿಗೂ ಅದೇ ಉತ್ತರ, ತೇಯುವ ಕಲ್ಲನ್ನು ಯಾರು ಕುದಿಸುತ್ತಾರೆ ಹೇಳಿ? ಕುಚ್ಚಲಕ್ಕಿ ಗಂಜಿ ಧಾರಾಳ ಕೊಡಿ, ಆಗಷ್ಟೇ ಬೇಯಿಸಿದ್ದು, ಉಪ್ಪು ಹಾಕಿದ್ದು. ರಾತ್ರಿಯ ತಂಗಳು ಬೇಡ. ಹಸಿ ಸೊಪ್ಪು ಅರೆದ ತಂಬುಳಿ ಕೌಂಟ್ ಏರುವವರೆಗೆ ಬೇಡ.

ಪ್ರಶ್ನೆ: ದೊಡ್ಡವನಿಗೆ ಕೀಮೋ ನಡೆಯುತ್ತಿದೆ, ಮನೆಯಲ್ಲಿ 6 ವಾರದ ತಂಗಿ ಇದ್ದಾಳೆ. ಅವಳಿಗೆ ರೋಟಾ ಲಸಿಕೆಯ ಹನಿ ಹಾಕಿಸಬಹುದಾ?
– ಓದುಗರು, ಬದಿಯಡ್ಕ

ಉತ್ತರ: ಹಾಕಿಸಿ. 6, 10, 14ನೇ ವಾರ, ಮೂರೂ ತಪ್ಪಿಸಬೇಡಿ. ಅವಳಿಗೆ ರೋಟಾ ಬಾರದಿದ್ದರೆ ಅಣ್ಣನಿಗೆ ಅವಳಿಂದ ಬರುವ ಭಯವೂ ಇಲ್ಲ. ಹನಿಯಲ್ಲಿರುವುದು ದುರ್ಬಲ ಮಾಡಿದ ಜೀವಂತ ವೈರಸ್, ಕೆಲವು ದಿನ ಮಲದಲ್ಲಿ ಹೊರಬರುತ್ತದೆ, ಆದ್ದರಿಂದ ಅವಳ ಬಟ್ಟೆ ಬದಲಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಅಣ್ಣನನ್ನು ಮುಟ್ಟಿ. ಪೋಲಿಯೊ ಹನಿಯ ಲೆಕ್ಕ ಬೇರೆ. ಇಂಥ ಮಗು ಇರುವ ಮನೆಯಲ್ಲಿ ಬಾಯಿಗೆ ಹಾಕುವ ಪೋಲಿಯೊ ಹನಿ ಬೇಡ, ಇಂಜೆಕ್ಷನ್ ಪೋಲಿಯೊ ಲಸಿಕೆ ಇದೆ. ಮನೆಯಲ್ಲಿ ಕೀಮೋ ನಡೆಯುತ್ತಿದೆ ಅಂತ ಲಸಿಕೆ ಹಾಕುವ ಸಿಸ್ಟರಿಗೆ ಮೊದಲೇ ಹೇಳಿ. ಪಲ್ಸ್ ಪೋಲಿಯೊ ಭಾನುವಾರ ಬೂತಿನಲ್ಲಿ ಹನಿ ಹಾಕುತ್ತಾರೆ, ಆಮೇಲಿನ ದಿನಗಳಲ್ಲಿ ಮನೆಗೇ ಬರುತ್ತಾರೆ, ಅವರಿಗೂ ಹೇಳಿ.