ಏಡಿ ಕೇಕ್ ಒಡೆಯುವುದು ಹಿಟ್ಟು ಕಡಿಮೆಯಾಗಿ ಅಲ್ಲ, ನೀರು ಜಾಸ್ತಿಯಾಗಿ

ಅಮೆರಿಕದ ಬಾಲ್ಟಿಮೋರಿನಲ್ಲಿ ಏಡಿ ಊಟಕ್ಕೇ ಜನ ಬರುವ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಈಗ ಕುಂದಾಪುರದಲ್ಲಿ ಅಡುಗೆ ಕಲಿಸುತ್ತೇನೆ. ಏಡಿ ಕೇಕ್ ಅಂದರೆ ಸಿಹಿ ಕೇಕ್ ಅಲ್ಲ, ಏಡಿ ಮಾಂಸವನ್ನು ದಪ್ಪ ಬಿಲ್ಲೆ ಮಾಡಿ ಬೇಯಿಸುವ ಕಟ್ಲೆಟ್ ತರಹದ ತಿನಿಸು. ಅದರ ಬಗ್ಗೆ ಓದುಗರು ಕೇಳುವುದು ಹೆಚ್ಚುಕಮ್ಮಿ ಅವೇ ಏಳೆಂಟು ಪ್ರಶ್ನೆ. ಅದರಲ್ಲೂ ಮೊದಲನೆಯದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಏಡಿ ತೊಳೆಯುವುದು, ಚಿಪ್ಪು ಬಿಡಿಸುವುದು ನಿಮಗೆ ಗೊತ್ತಿದೆ ಅಂದುಕೊಂಡೇ ಶುರು ಮಾಡುತ್ತೇನೆ.

ಪ್ರಶ್ನೆ: ಏಡಿ ಕೇಕ್ ಬಾಣಲೆಗೆ ಹಾಕಿದ ಕೂಡಲೇ ಒಡೆದು ಚೂರಾಗುತ್ತದೆ. ಬ್ರೆಡ್ ಪುಡಿ, ಬೇಯಿಸಿದ ಆಲೂಗಡ್ಡೆ ಜಾಸ್ತಿ ಹಾಕಿದರೆ ಒಡೆಯುವುದಿಲ್ಲ, ಆದರೆ ಏಡಿ ರುಚಿಯೇ ಇರುವುದಿಲ್ಲ. ಏನು ಮಾಡಲಿ?

ಆಲೂಗಡ್ಡೆ ಹಾಕಿದ ಮೇಲೆ ಅದು ಆಲೂ ಕಟ್ಲೆಟ್. ಏಡಿ ರುಚಿ ಎಲ್ಲಿಂದ ಬರಬೇಕು? ಕಡ್ಲೆಹಿಟ್ಟು ಹಾಕಿ, ಕಾರ್ನ್‌ಫ್ಲೋರ್ ಹಾಕಿ ಅಂತ ವಿಡಿಯೋದಲ್ಲಿ ಹೇಳಿಕೊಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಏಡಿಯನ್ನು ಹಿಟ್ಟಿನಲ್ಲಿ ಮುಳುಗಿಸುವುದು ಯಾಕೆ?

ಕೇಕ್ ಒಡೆಯುವುದು ನೀರಿನಿಂದ. ಏಡಿ ಮಾಂಸದಲ್ಲಿ ನೀರು ಉಳಿದಿದ್ದರೆ ಬಾಣಲೆಯ ಬಿಸಿಗೆ ಅದು ಆವಿಯಾಗಿ ಹೊರಗೆ ನುಗ್ಗುತ್ತದೆ. ಮೊಟ್ಟೆ ಗಟ್ಟಿಯಾಗಿ ಹಿಡಿದುಕೊಳ್ಳುವ ಮೊದಲೇ ಕೇಕ್ ಸಡಿಲವಾಗುತ್ತದೆ. ಇದಕ್ಕೆ ಹಿಟ್ಟು ಮದ್ದಲ್ಲ. ನೀರನ್ನು ಮೊದಲೇ ತೆಗೆಯಬೇಕು.

ಅದು ಏಡಿ ಬೇಯಿಸುವಾಗಲೇ ಶುರುವಾಗುತ್ತದೆ. ನಮ್ಮ ಕಡೆ ಉಪ್ಪು ನೀರಿನಲ್ಲಿ ಮುಳುಗಿಸಿ ಕುದಿಸುತ್ತೇವೆ. ಸಾರಿಗೆ ಅದು ಸರಿ, ಕೇಕಿಗೆ ಅಲ್ಲ. ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯದಲ್ಲಿ ಏಡಿಯನ್ನು ಕುದಿಸುವುದಿಲ್ಲ, ಹಬೆಯಲ್ಲಿ ಬೇಯಿಸುತ್ತಾರೆ. ನಿಮ್ಮ ಇಡ್ಲಿ ಪಾತ್ರೆ ಸಾಕು. ಇನ್ನೂರು ಗ್ರಾಂ ಆಸುಪಾಸಿನ ಏಡಿಗೆ 12ರಿಂದ 15 ನಿಮಿಷ. ಬೇಯಿಸುವ ಮೊದಲು ಜೀವಂತ ಏಡಿಯನ್ನು ಐಸ್ ನೀರಿನಲ್ಲಿ ಒಂದು 20 ನಿಮಿಷ ಇಡಿ, ಅದು ಮಂಪರಾಗುತ್ತದೆ. ನೇರ ಬಿಸಿಗೆ ಹಾಕಿದರೆ ಅದು ಗಾಬರಿಯಲ್ಲಿ ತನ್ನ ಕಾಲುಗಳನ್ನೇ ಕಳಚಿಕೊಳ್ಳುತ್ತದೆ. ಆ ತೂತಿನಿಂದ ನೀರು ಒಳಗೆ ಹೋಗುತ್ತದೆ, ರುಚಿ ಹೊರಗೆ ಬರುತ್ತದೆ.

ಬೆಂದ ಏಡಿ ಪೂರ್ತಿ ಆರಲಿ. ಬಿಸಿಯಲ್ಲಿ ಬಿಡಿಸಿದರೆ ಮಾಂಸ ನಾರುನಾರಾಗುತ್ತದೆ. ದೋಣಿಯ ಹುಟ್ಟಿನ ಹಾಗಿರುವ ಕೊನೆಯ ಹಿಂಗಾಲುಗಳಿವೆಯಲ್ಲ, ಅವುಗಳ ಬುಡದಲ್ಲಿ ಹೊಟ್ಟೆಯ ಒಳಗೆ ಎರಡು ದಪ್ಪ ಬಿಳಿ ಗಡ್ಡೆ ಇರುತ್ತವೆ. ಬಾಲ್ಟಿಮೋರಿನವರು ಜಂಬೋ ಲಂಪ್ ಅನ್ನುವುದು ಇದನ್ನೇ. ಈಜಲು ಬಳಸುವ ಮಾಂಸಖಂಡ ಅದು, ಅದಕ್ಕೇ ಅಷ್ಟು ದಪ್ಪ. ಇವನ್ನು ಒಡೆಯದ ಹಾಗೆ ತೆಗೆದು ಬೇರೆ ತಟ್ಟೆಯಲ್ಲಿಡಿ. ಉಳಿದ ಮಾಂಸ ಪುಡಿಯಾದರೂ ಚಿಂತೆಯಿಲ್ಲ.

ಚಿಪ್ಪಿನ ಚೂರು ಹುಡುಕಲು ಒಂದು ದಾರಿ. ಅಗಲವಾದ ಸ್ಟೀಲ್ ತಟ್ಟೆ ತಗೊಳ್ಳಿ. ಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ಒಂದು ಗೇಣು ಮೇಲಿನಿಂದ ಬೀಳಿಸಿ. ಬರೀ ಮಾಂಸ ಬಿದ್ದರೆ ಸದ್ದಿಲ್ಲ. ಚಿಪ್ಪಿದ್ದರೆ 'ಟಿಣ್' ಅನ್ನುತ್ತದೆ. ನಾನು ಕೆಲಸ ಮಾಡುತ್ತಿದ್ದಲ್ಲಿ ಮಾಂಸ ಬಿಡಿಸುವ ಹೆಂಗಸರು ಈ ಸದ್ದಿಗೆ ತಲೆ ಎತ್ತದೆಯೇ ಬೆರಳು ಹಾಕಿ ಆ ಚೂರನ್ನು ಎತ್ತಿಬಿಡುತ್ತಿದ್ದರು.

ಆಮೇಲೆ ಮಾಂಸವನ್ನು ತೆಳು ಬಟ್ಟೆ ಹಾಸಿದ ಜರಡಿಯಲ್ಲಿ ಹರಡಿ, ಕೆಳಗೆ ಬಟ್ಟಲಿಟ್ಟು ಫ್ರಿಜ್‌ನಲ್ಲಿ ಒಂದು ಗಂಟೆ ಬಿಡಿ. ಬಟ್ಟಲಿನಲ್ಲಿ ಎಷ್ಟು ನೀರು ನಿಂತಿದೆ ಅಂತ ಒಂದು ಸಲ ನೋಡಿ. ನಿಮ್ಮ ಕೇಕ್ ಒಡೆಯುತ್ತಿದ್ದದ್ದು ಆ ನೀರಿನಿಂದ. ಬಟ್ಟೆಯನ್ನು ಹಿಂಡಬೇಡಿ, ಮೆಲ್ಲಗೆ ಒತ್ತಿದರೆ ಸಾಕು.

ಈಗ ಅಳತೆ. ಮಾಂಸ 450 ಗ್ರಾಂ. ಮೊಟ್ಟೆ ಒಂದು. ಮೇಯನೇಸ್ ಕಾಲು ಕಪ್. ಸಾಸಿವೆ ಪೇಸ್ಟ್ ಒಂದು ಚಮಚ, ವೂಸ್ಟರ್ ಸಾಸ್ ಒಂದು ಚಮಚ, ಓಲ್ಡ್ ಬೇ ಮಸಾಲೆ ಪುಡಿ (ಮುಂದಿನ ಪ್ರಶ್ನೆ ನೋಡಿ) ಒಂದು ಚಮಚ, ಅರ್ಧ ನಿಂಬೆಯ ರಸ. ಕಟ್ಟುವುದಕ್ಕೆ ಉಪ್ಪು ಕ್ರ್ಯಾಕರ್ ಬಿಸ್ಕತ್ತಿನ ಪುಡಿ 40 ಗ್ರಾಂ, ಅದಕ್ಕಿಂತ ಜಾಸ್ತಿ ಬೇಡ. ಮೊನ್ಯಾಕೊ ತರಹದ ಬಿಸ್ಕತ್ತು ನಡೆಯುತ್ತದೆ. ಉಪ್ಪು ಬೇರೆ ಹಾಕಬೇಡಿ, ಬಿಸ್ಕತ್ತಿನಲ್ಲೇ ಇದೆ.

ಮಾಂಸ ಬಿಟ್ಟು ಉಳಿದದ್ದೆಲ್ಲ ಮೊದಲು ಕಲಸಿ ಐದು ನಿಮಿಷ ಇಡಿ, ಬಿಸ್ಕತ್ತು ಪುಡಿ ನೆನೆಯಲಿ. ಆಮೇಲೆ ಪುಡಿ ಮಾಂಸ, ಕೊನೆಗೆ ಗಡ್ಡೆ ಮಾಂಸ. ಕೈಯನ್ನು ತಳಕ್ಕೆ ಹಾಕಿ ಮೇಲಕ್ಕೆ ಮಗುಚಿ, ಅಷ್ಟೇ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಆರು ಪಾಲು ಮಾಡಿ. ಉಂಡೆಯನ್ನು ಚಪ್ಪಟೆ ತಟ್ಟಬೇಡಿ, ಎರಡೂವರೆ ಸೆಂಟಿಮೀಟರ್ ದಪ್ಪ ಇರಲಿ. ಮತ್ತೆ ಫ್ರಿಜ್‌ನಲ್ಲಿ ಒಂದು ಗಂಟೆ. ಈ ಗಂಟೆಯನ್ನು ಉಳಿಸಲು ನೋಡುವವರೇ ಜಾಸ್ತಿ, ಆಮೇಲೆ ಒಡೆಯಿತು ಅಂತ ಬರೆಯುವವರೂ ಅವರೇ. ತಣ್ಣಗಾದಾಗ ಮೇಯನೇಸ್ ಬಿಗಿಯಾಗುತ್ತದೆ, ಪುಡಿ ಉಳಿದ ಪಸೆಯನ್ನೂ ಹೀರುತ್ತದೆ.

ಬಾಣಲೆಯಲ್ಲಿ ಬೆಣ್ಣೆ ಮತ್ತು ಎಣ್ಣೆ ಎರಡೂ ಇರಲಿ, ಉರಿ ಮಧ್ಯಮ. ಒಂದು ಬದಿಗೆ ನಾಲ್ಕೈದು ನಿಮಿಷ. ಅಷ್ಟರವರೆಗೆ ಮುಟ್ಟಬೇಡಿ, ಸೌಟಿನಿಂದ ಒತ್ತಬೇಡಿ. ಅಂಚು ಕೆಂಪಗಾಗಿ ತಾನಾಗಿ ತಳ ಬಿಟ್ಟಾಗ ಒಂದೇ ಸಲ ತಿರುವಿ. ಮೊದಲ ಸಲ ಮಾಡುವವರಿಗೆ ನಾನು ಬಾಣಲೆ ಹೇಳುವುದೇ ಇಲ್ಲ. ಓವನ್‌ನಲ್ಲಿ 220 ಡಿಗ್ರಿಗೆ, ಮೇಲೆ ಚೂರು ಬೆಣ್ಣೆ ಇಟ್ಟು 12 ನಿಮಿಷ. ತಿರುವುವ ಕೆಲಸವೇ ಇಲ್ಲ. ಬಾಲ್ಟಿಮೋರಿನಲ್ಲೂ ಅರ್ಧ ಜನ ಹೀಗೇ ತಿನ್ನಲು ಇಷ್ಟಪಡುತ್ತಾರೆ. ಮಾಂಸ ಮೊದಲೇ ಬೆಂದಿದೆ, ಆದರೆ ಹಸಿ ಮೊಟ್ಟೆ ಇದೆಯಲ್ಲ. ಥರ್ಮಾಮೀಟರ್ ಇದ್ದರೆ ನಡುವೆ 74 ಡಿಗ್ರಿ ಬಂತಾ ನೋಡಿ.

ಪ್ರಶ್ನೆ: ಓಲ್ಡ್ ಬೇ ಮಸಾಲೆ ಬೇಕೇ ಬೇಕಾ? ನಮ್ಮ ಊರಲ್ಲಿ ಸಿಗುವುದಿಲ್ಲ.

ಬೇಕು, ಆದರೆ ಮನೆಯಲ್ಲೇ ಮಾಡಬಹುದು. ಗುಸ್ತಾವ್ ಬ್ರುನ್ ಎಂಬ ಯಹೂದಿ ಮಸಾಲೆ ವ್ಯಾಪಾರಿ ನಾಜಿಗಳಿಂದ ತಪ್ಪಿಸಿಕೊಂಡು ಜರ್ಮನಿಯಿಂದ ಬಾಲ್ಟಿಮೋರಿಗೆ ಬಂದು ಕೂಡಿಸಿದ ಮಸಾಲೆ ಅದು. ಹಳೆಯ ಹಡಗು ಕಂಪನಿಯೊಂದರ ಹೆಸರನ್ನು ಅದಕ್ಕೆ ಇಟ್ಟರು. 1990ರಿಂದ ಅದು ಮೆಕಾರ್ಮಿಕ್ ಕಂಪನಿಯದ್ದು. ಡಬ್ಬಿಯ ಮೇಲೆ ಸೆಲರಿ ಉಪ್ಪು, ಕೆಂಪು ಮೆಣಸು ಮತ್ತು ಕಾಳುಮೆಣಸು ಸೇರಿದ ಮಸಾಲೆ ಪದಾರ್ಥ, ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ) ಅಂತಷ್ಟೇ ಬರೆದಿರುತ್ತದೆ. ನಾನು ಇಲ್ಲಿ ಹೀಗೆ ಮಾಡುತ್ತೇನೆ: ಹುರಿದ ಸೆಲರಿ ಬೀಜ ಎರಡು ಪಾಲು, ಬ್ಯಾಡಗಿ ಪುಡಿ ಎರಡು ಪಾಲು, ಕಾಳುಮೆಣಸು ಒಂದು ಪಾಲು, ಸಾಸಿವೆ ಪುಡಿ ಒಂದು ಪಾಲು, ಒಂದೆರಡು ಪಲಾವ್ ಎಲೆ, ಒಂದು ಲವಂಗ, ಚಿಟಿಕೆ ಜಾಯಿಕಾಯಿ. ಸೆಲರಿ ಬೀಜದ ಬದಲು ಓಮ ಹಾಕಬೇಡಿ, ಘಾಟು ಜಾಸ್ತಿ.

ಪ್ರಶ್ನೆ: ಶುಂಠಿ ಬೆಳ್ಳುಳ್ಳಿ ಪೇಸ್ಟ್, ಗರಂ ಮಸಾಲೆ ಹಾಕಬಹುದಾ?

ಅಷ್ಟು ಆಸೆಯಿದ್ದರೆ ಏಡಿ ಸುಕ್ಕ ಮಾಡಿ, ಅದು ಬಹಳ ಚೆನ್ನಾಗಿರುತ್ತದೆ.

ಪ್ರಶ್ನೆ: ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಕ್ರ್ಯಾಬ್ ಸ್ಟಿಕ್ ಬಳಸಬಹುದಾ?

ಅದು ಏಡಿಯಲ್ಲ, ಬಣ್ಣ ಹಚ್ಚಿದ ಮೀನಿನ ಪೇಸ್ಟ್. ಬೇಡ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಡಬ್ಬಿಯ ಏಡಿ ಮಾಂಸ ನಡೆಯುತ್ತದಾ?

ಫ್ರಿಜ್‌ನಲ್ಲಿಟ್ಟು ಮಾರುವ ಡಬ್ಬಿ ನಡೆಯುತ್ತದೆ. ಚೀಟಿ ಓದಿ. ಎಷ್ಟೋ ಡಬ್ಬಿಯಲ್ಲಿರುವುದು ಆಗ್ನೇಯ ಏಷ್ಯಾದ ಏಡಿ, ನಮ್ಮ ಕರಾವಳಿಯ ನೀಲಿ ಏಡಿಯ ಬಳಗದ್ದೇ. ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯ ಏಡಿಯ ಸಿಹಿ ಅದಕ್ಕಿಲ್ಲ. ಬೇಸಿಗೆಯಲ್ಲಿ ಒಂದು ದಿನ ಮೇರಿಲ್ಯಾಂಡಿಗೇ ಹೋಗಿ ಏಡಿ ತನ್ನಿ, ನಿಮಗೆ ಅಷ್ಟೇನು ದೂರವಲ್ಲ.

ಪ್ರಶ್ನೆ: ಅಮಾವಾಸ್ಯೆಗೆ ಏಡಿ ತುಂಬಿರುತ್ತದೆ, ಹುಣ್ಣಿಮೆಗೆ ಖಾಲಿ ಅನ್ನುತ್ತಾರೆ. ನಿಜವಾ?

ನನ್ನ ಅಜ್ಜಿಯೂ ಹೀಗೇ ಹೇಳುತ್ತಿದ್ದಳು. ನೀವು ಪಂಚಾಂಗ ಬಿಟ್ಟು ಏಡಿಯ ಹೊಟ್ಟೆ ನೋಡಿ. ಏಡಿ ಬೆಳೆಯುವಾಗ ಹಳೆ ಚಿಪ್ಪು ಕಳಚುತ್ತದೆ. ಹೊಸ ಚಿಪ್ಪಿನೊಳಗೆ ಸ್ವಲ್ಪ ಕಾಲ ನೀರೇ ಜಾಸ್ತಿ, ಮಾಂಸ ಕಡಿಮೆ. ಹೊಟ್ಟೆ ಹಾಲಿನ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದರೆ, ಒತ್ತಿದಾಗ ಬಗ್ಗಿದರೆ ಅದು ಹೊಸ ಚಿಪ್ಪು. ಬಿಟ್ಟುಬಿಡಿ. ಹೊಟ್ಟೆ ಮಾಸಿ ತುಕ್ಕಿನ ಬಣ್ಣಕ್ಕೆ ತಿರುಗಿರಬೇಕು, ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಚೆಂದ ಕಾಣುವ ಏಡಿಯನ್ನೇ ಆರಿಸಿ ಮೋಸ ಹೋಗುವವರನ್ನು ಮಲ್ಪೆ, ಗಂಗೊಳ್ಳಿಯಲ್ಲಿ ದಿನಾ ನೋಡುತ್ತೇನೆ. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಏಡಿಯನ್ನು ದಯವಿಟ್ಟು ಕೊಳ್ಳಬೇಡಿ. ಸತ್ತ ಏಡಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಸತ್ತ ಕೂಡಲೇ ಅದು ಒಳಗಿನಿಂದ ಕೊಳೆಯಲು ಶುರುವಾಗುತ್ತದೆ.

ಪ್ರಶ್ನೆ: ಗದ್ದೆ ಏಡಿಯಲ್ಲಿ ಮಾಡಬಹುದಾ? ಶೀತಕ್ಕೆ ಹಸಿ ಏಡಿ ರಸ ಒಳ್ಳೆಯದಂತೆ.

ಗದ್ದೆ ಏಡಿಯಲ್ಲಿ ಕೇಕಿಗಾಗುವಷ್ಟು ಮಾಂಸವಿಲ್ಲ. ಹಸಿ ರಸದ ಮಾತನ್ನು ಯಾರು ಹೇಳಿದರೂ ಕೇಳಬೇಡಿ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಹೋಗಿ ಕೂರುವ ಹುಳು ಇರಬಹುದು. ಕೆಮ್ಮು, ಕಫದಲ್ಲಿ ರಕ್ತ ಬಂದು ಕ್ಷಯ ಅಂತಲೇ ಔಷಧಿ ತಿನ್ನುವ ಹಾಗಾಗುತ್ತದೆ. ಈಶಾನ್ಯ ಭಾರತದಲ್ಲಿ ಈ ಕಾಯಿಲೆ ಇದೆ. ಪೂರ್ತಿ ಬೇಯಿಸಿದರೆ ಭಯವಿಲ್ಲ.

ಪ್ರಶ್ನೆ: ಏಡಿ ಜೊತೆ ಹಾಲು, ಬೆಣ್ಣೆ ತಿಂದರೆ ತೊನ್ನು ಬರುತ್ತದಂತೆ?

ಬರುವುದಿಲ್ಲ. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗಿ. ಈ ಸುಳ್ಳಿನಿಂದಾಗಿ ತೊನ್ನು ಇರುವವರನ್ನು 'ಏನೋ ತಿನ್ನಬಾರದ್ದು ತಿಂದಿರಬೇಕು' ಅಂತ ಜನ ನೋಡುತ್ತಾರಲ್ಲ, ಅದು ನನಗೆ ತುಂಬಾ ನೋವಿನ ವಿಷಯ.

ಪ್ರಶ್ನೆ: ಮಗಳಿಗೆ ಏಡಿ ತಿಂದರೆ ತುಟಿ ಊದುತ್ತದೆ. ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿ ಅಂತ ನಾಟಿ ವೈದ್ಯರು ಹೇಳಿದ್ದಾರೆ. ಚೆನ್ನಾಗಿ ಬೇಯಿಸಿದರೆ ಪರವಾಗಿಲ್ಲವಾ?

ಪರವಾಗಿಲ್ಲ ಅನ್ನುವ ಮಾತೇ ಇಲ್ಲ. ಕೊಡಬೇಡಿ. ಈ ಅಲರ್ಜಿ ತರುವ ಪ್ರೋಟೀನ್ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಅರಿಶಿನ, ಪುನರ್ಪುಳಿ ಯಾವುದೂ ಅದನ್ನು ತಡೆಯುವುದಿಲ್ಲ. ಈ ಸಲ ತುಟಿ, ಮುಂದಿನ ಸಲ ಗಂಟಲು ಊದಬಹುದು. ನಮ್ಮ ಹೋಟೆಲಿನಲ್ಲಿ ಒಬ್ಬ ಹುಡುಗ ಏಡಿ ಮುಟ್ಟಿಯೇ ಇರಲಿಲ್ಲ. ಏಡಿ ಕೇಕ್ ಕರಿದ ಎಣ್ಣೆಯಲ್ಲೇ ಕರಿದ ಆಲೂಗಡ್ಡೆ ತಿಂದ, ಅಷ್ಟೇ. ಹತ್ತು ನಿಮಿಷದೊಳಗೆ ಅವನಿಗೆ ಉಸಿರಾಡಲು ಆಗುತ್ತಿರಲಿಲ್ಲ. ಆಂಬುಲೆನ್ಸ್ ಬರುವವರೆಗೆ ಅವನ ತಾಯಿಯ ಮುಖ ನೋಡುತ್ತಾ ನಿಂತಿದ್ದೆ. ಹುಡುಗ ಉಳಿದ. ಆವತ್ತಿನಿಂದ ಈ ವಿಷಯದಲ್ಲಿ ನಾನು ಯಾರಿಗೂ ಮೆತ್ತಗೆ ಹೇಳುವುದಿಲ್ಲ.

ಮಗಳನ್ನು ಅಲರ್ಜಿ ತಜ್ಞರಿಗೆ ತೋರಿಸಿ. ಸಿಗಡಿ ಕೊಡುವ ಮೊದಲೂ ಅವರನ್ನು ಕೇಳಿ. ಮನೆಯಲ್ಲಿ ಏಡಿ ಕೇಕ್ ಮಾಡುವ ದಿನ ಅವಳಿಗೆ ಬೇರೆ ಬಾಣಲೆಯಲ್ಲಿ, ಬೇರೆ ಎಣ್ಣೆಯಲ್ಲಿ, ಮೊದಲು ಅಡುಗೆ ಮಾಡಿ. ಏಡಿ ಡಬ್ಬಿ ಆಮೇಲೆ ತೆರೆಯಿರಿ.